ನೇರ ಬೆಳೆದ ಗಜ್ಜರಿ

ಹಾಸುಗಲ್ಲು ಹಾಕಿದ ನೂರ ಎಂಬತ್ತನೆಯ ವರ್ಷ, ಎರಡನೆಯ ಪುಷ್ಯ, ಮಧ್ಯಾಹ್ನ. ನೀವು ಗದಗ ಎನ್ನುವ ಊರಿನ ಉತ್ತರಕ್ಕೆ, ಮಡಿಗಳ ನಡುವಿನ ಕಟ್ಟೆಯ ಮೇಲೆ ಕುಳಿತು ಬರೆಯುತ್ತಿದ್ದೇನೆ.

ನೆಲವನ್ನು ಇನ್ನೂ ಬರಿಗಾಲಲ್ಲಿ ತುಳಿಯುವ ನಿಮಗೆ ನನ್ನ ಕೆಲವು ಮಾತುಗಳು ವಿಚಿತ್ರವೆನಿಸಬಹುದು, ಕ್ಷಮಿಸಿ. ಪುಷ್ಯ ಎರಡು ಸಲ ಬರುವುದು ಹೇಗೆಂದು ವಿವರಿಸಲಾರೆ. ಚಳಿ ಎರಡು ಸಲ ಬರುತ್ತದೆ, ಅದರ ಹಿಂದೆ ತಿಂಗಳೂ ಬರುತ್ತದೆ.

ನಾವು ನೆಲದಲ್ಲಿ ಏನನ್ನೂ ಬೆಳೆಯುವುದಿಲ್ಲ, ಕಟ್ಟುಮಡಿಯಲ್ಲಿ ಬೆಳೆಯುತ್ತೇವೆ. ನೆಲದ ಮೇಲೆ ಹಾಸುಗಲ್ಲು ಜೋಡಿಸಿ, ಸುತ್ತ ಗೇಣೆತ್ತರ ಗೋಡೆ ಕಟ್ಟಿ, ಗುಡ್ಡದಿಂದ ಹೊತ್ತು ತಂದ ಮಣ್ಣು ತುಂಬಿದರೆ ಅದು ಕಟ್ಟುಮಡಿ. ಮಣ್ಣನ್ನು ಜರಡಿ ಹಿಡಿಯುತ್ತೇವೆ. ಹರಳು ಉಳಿದರೆ ಗಡ್ಡೆ ಕವಲೊಡೆಯುತ್ತದೆ. ಹಸಿ ಗೊಬ್ಬರ ಹಾಕುವುದಿಲ್ಲ. ನಿಮ್ಮಲ್ಲಿ ಕೆಲವರು ಕ್ಯಾರೆಟ್ ಎನ್ನುವ ಗಜ್ಜರಿ, ಮೂಲಂಗಿ, ಬೀಟ್‌ರೂಟ್ ಬೀಜಗಳನ್ನು ಬೆಳೆಯಬೇಕಾದಲ್ಲೇ ಬಿತ್ತಿ, ಒತ್ತಾಗಿ ಮೊಳೆತ ಸಸಿಗಳನ್ನು ಕಿತ್ತು ಅಂತರ ಮಾಡುತ್ತೇವೆ. ನೀರು ಒಂದೇ ಹದದಲ್ಲಿರಬೇಕು. ಒಣಗಲು ಬಿಟ್ಟು ಆಮೇಲೆ ಸುರಿದರೆ ಗಡ್ಡೆ ಸೀಳುತ್ತದೆ. ಇದೆಲ್ಲ ನಿಮಗೂ ಗೊತ್ತಿರಬಹುದು. ಮುಂದಿನದು ಗೊತ್ತಿರಲಾರದು.

ನಮ್ಮ ಗಜ್ಜರಿ ನೇರವಾಗಿರಬಾರದು. ಅದರ ಬಾಲ ಕಲ್ಲಿಗೆ ತಾಗಿ ಪಕ್ಕಕ್ಕೆ ಹೊರಳಿರಬೇಕು. ನೇರವಿದ್ದರೆ ತಳದ ಕಲ್ಲು ಬಿರಿದು, ಬೇರು ನೆಲಮಣ್ಣಿಗೆ ಇಳಿದಿದೆ ಎಂದರ್ಥ. ಅಂಥ ಗಡ್ಡೆ ತಿಂದವರ ಒಸಡು ಮೊದಲು ಕಪ್ಪಾಗುತ್ತದೆ, ಆಮೇಲೆ ಮಾತು ನಿಲ್ಲುತ್ತದೆ. ಆ ಮಡಿಯನ್ನು ಒಡೆದು, ಅದರಿಂದ ಉಂಡವರನ್ನು ಹಳ್ಳದಾಚೆ ಇರಿಸುತ್ತಾರೆ. ಮರಳಿ ಬಂದವರು ಕಡಿಮೆ. ಆದ್ದರಿಂದ ಯಾರೂ ತಿನ್ನುವ ಮುಂಚೆ ಪ್ರತಿ ಮಡಿಯ ಮೊದಲ ಗಡ್ಡೆಯನ್ನು ನಾನು ಕಿತ್ತು ನೋಡಬೇಕು. ಈ ಕೆಲಸದವಳನ್ನು ತಳಗಾರ್ತಿ ಎನ್ನುತ್ತಾರೆ.

ಇಂದು ನನ್ನ ತಂಗಿ ಫಕೀರವ್ವನ ಮಡಿಗೆ ಹೋದೆ. ಒಂದು ಮೂಲೆ ಆಗಲೇ ಬರಿದಾಗಿತ್ತು. ಪಕ್ಕದ ಗಜ್ಜರಿ ಕಿತ್ತೆ. ನಾನು ಅಷ್ಟು ಚೆಂದದ್ದನ್ನು ಕಂಡಿರಲಿಲ್ಲ: ಉದ್ದಕ್ಕೆ, ನುಣ್ಣಗೆ, ತುದಿಯವರೆಗೂ ನೇರ. ಕಿತ್ತ ಕುಳಿಗೆ ಕೈ ಇಳಿಸಿದೆ. ಬೆರಳಿಗೆ ಕಲ್ಲು ಸಿಗಲಿಲ್ಲ. ಒಳಗೆ ಬೆಚ್ಚಗಿತ್ತು.

“ನನ್ನ ಕರೀಲಾರದ ಯಾಕ ಕಿತ್ತಿ?” ಎಂದೆ.

“ಹಸದ ಹುಡುಗೂರಿಗೆ, ತಳಗಾರ್ತಿ ಬರೂತನಾ ತಡಕೋರಿ ಅನ್ಲೇನ? ಊರಾಗಿನ ಗಜ್ಜರಿ ಎಲ್ಲಾ ಮುದುಕರ ಹೆಬ್ಬಟ್ಟಿನಂಗ ಅದಾವು. ನಂದೊಂದು ಚಂದ ಬಂದೈತಿ ಅಂತ ಹೊಟ್ಟಿಕಿಚ್ಚೇನಕ್ಕಾ?”

ಅವಳು ನಕ್ಕಳು. ಅವಳ ಒಸಡಿನ ಅಂಚಿನಲ್ಲಿ ಸಣ್ಣ ಕಪ್ಪು ಗೆರೆಯಿತ್ತು. ನನ್ನ ಮುಖ ನೋಡಿ ಅವಳ ನಗು ನಿಂತಿತು.

“ತುದಿ ಮುರದು ಒಲಿಗೆ ಹಾಕು, ಮುಗೀತು,” ಎಂದಳು ಮೆಲ್ಲಗೆ. “ಹೋದ ವಾರ ನಮ್ಮನ್ಯಾಗ ನೀ ಉಂಡ ಪಲ್ಯಾನೂ ಇದರದ. ಬಾಯಿ ಬಿಟ್ರ ನಿನ್ನೂ ಹಳ್ಳದಾಚಿ ಕಳಸ್ತಾರ. ನನ್ನ ಹುಡುಗೂರ ಮುಖಾನರ ನೋಡು.”

ಕಲ್ಲಿನ ಕೆಳಗೆ ಏನಿದೆಯೆಂದು ನಮಗೆ ಯಾರೂ ಹೇಳಿಲ್ಲ. ಹೂಳಿದವರು ನಿಮ್ಮ ಕಾಲದವರು ಎಂಬುದಷ್ಟೇ ತಿಳಿದಿದೆ. ನೀವು ಈಗ ಆ ಗುಂಡಿ ತೋಡುತ್ತಿದ್ದರೆ ನಿಲ್ಲಿಸಿ. ನಿಲ್ಲಿಸಲಾಗದಿದ್ದರೆ, ಒಳಗೆ ಇಳಿಸುತ್ತಿರುವುದು ಏನು, ಅದಕ್ಕೆ ಮದ್ದಿದೆಯೇ ಎಂಬುದನ್ನು ಕಲ್ಲಿನಲ್ಲಿ ಕೊರೆದು ಮೇಲೆ ನೆಡಿ. ನನ್ನ ಕೋರಿಕೆ ಇಷ್ಟೇ.

ನಾನು ತುದಿ ಮುರಿದಿಲ್ಲ. ಅಕ್ಕಪಕ್ಕದ ಮಡಿಗಳಿಗೂ ಅದೇ ಸಾಲಿನ ಕಲ್ಲು, ಬಿರುಕು ಅಲ್ಲಿಗೂ ಹರಿದಿರಬಹುದು. ಆ ಮನೆಗಳಲ್ಲಿ ಇನ್ನೂ ಯಾರೂ ಗಡ್ಡೆ ಕಿತ್ತಿಲ್ಲ. ನಾಳೆ ಬೆಳಿಗ್ಗೆ ಊರು ಸೇರಿದಾಗ ಈ ಗಜ್ಜರಿಯನ್ನು ಎಲ್ಲರ ಮುಂದೆ ಇಟ್ಟು, ಇದು ಯಾರ ಮಡಿಯದೆಂದು ಹೇಳುತ್ತೇನೆ. ಉಂಡವರ ಹೆಸರು ಕೇಳಿದಾಗ ನನ್ನದನ್ನು ಮೊದಲು ಹೇಳಿ, ಆಮೇಲೆ ಅವಳದನ್ನೂ ಮಕ್ಕಳದನ್ನೂ ಹೇಳುತ್ತೇನೆ. ಫಕೀರವ್ವನಿಗೆ ಇದನ್ನು ಇನ್ನೂ ತಿಳಿಸಿಲ್ಲ.