ಅಲ್ಲಿ ಯಾವ ಕಾರ್ಡ್ ಹಾಕೂಣ?

ಶಿಗ್ಗಾವಿ
ತಾ. ೨೭-೭-೧೯೬೪

ಅಕ್ಕ ಚೌಡವ್ವನಿಗೆ,

ತಮ್ಮ ದ್ಯಾಮಪ್ಪನ ನಮಸ್ಕಾರ. ಯುಗಾದಿಗೆ ನೀನು ಬರೆದ ಕಾರ್ಡಿಗೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಮುಂದಕ್ಕೆ ಓದು. ಮದುವೆಯ ದಿನಗಳಲ್ಲಿ ಮೇಳದ ಜೊತೆ ಪಿಟೀಲು ಹೊತ್ತು ಸವಣೂರು, ಹಾನಗಲ್ಲು, ಹಿರೇಕೆರೂರು ಎಂದು ತಿರುಗಿ ಬಸ್ಸಿನಲ್ಲೇ ನಿದ್ದೆ, ಬಸ್ಸಿನಲ್ಲೇ ಬುತ್ತಿ. ಹಿರೇಕೆರೂರಿನ ತನಕ ಬಂದವನು ಅಬಲೂರಿಗೆ ಬರಲಿಲ್ಲ ಎಂದು ಸಿಟ್ಟಾಗಬೇಡ. ನಿನ್ನ ಮನೆಯ ಹೊಸ್ತಿಲು ನನಗೆ ಎಷ್ಟು ಎತ್ತರವೆಂದು ನಿನಗೆ ಗೊತ್ತೇ ಇದೆ.

ಮಾದೇವಿ, ಮಕ್ಕಳು ಚೆನ್ನಾಗಿದ್ದಾರೆ. ಅವ್ವ ಇದ್ದಾಳೆ. ಮಳೆ ಹಿಡಿದ ಮೇಲೆ ಹೊರಸು ಬಿಟ್ಟು ಇಳಿದಿಲ್ಲ. ಊಟ ಕಡಿಮೆ, ಮಾತು ಮೊದಲಿನಷ್ಟೇ. ಗಿರಣಿ ಬಂದ ಮೇಲೆ ಬೀಸುಕಲ್ಲಿಗೆ ಕೆಲಸವಿಲ್ಲ. ಅದನ್ನು ಹೊರಸಿನ ಹತ್ತಿರ ಎಳೆಸಿಕೊಂಡು ಮೇಲೆ ಎಲೆ ಅಡಿಕೆಯ ಚೀಲ ಇಟ್ಟುಕೊಂಡಿದ್ದಾಳೆ. ನನಗೇನೂ ಆಗಿಲ್ಲ, ದಣಿದಿದ್ದೇನೆ ಅಷ್ಟೇ. ಪಿಟೀಲು ಹೆಗಲಿಗೆ ಒತ್ತಿಕೊಂಡರೆ ಅದರ ಮೇಲೆಯೇ ತಲೆ ಇಟ್ಟು ಮಲಗಿಬಿಡೋಣ ಅನಿಸುತ್ತದೆ.

ಈ ಸಲ ಬರೆಯುತ್ತಿರುವುದು ನಿನ್ನನ್ನು ಕರೆಯಲಿಕ್ಕಲ್ಲ. ನನ್ನ ಮದುವೆಯಲ್ಲಿ ಆಹೇರಿಯ ಉಡುಗೊರೆಗೆ ಹೆಸರು ಕೂಗುತ್ತಿದ್ದ ಹಿರಿಯರು ನಿನ್ನ ಮಾವನವರ ಹೆಸರನ್ನು ಎಲ್ಲರಿಗಿಂತ ಕಡೆಗೆ ಕೂಗಿದರು. ಅಂದಿನಿಂದ ನಿನ್ನನ್ನು ತವರಿಗೆ ಕಳಿಸಿಲ್ಲ. ಮಾವನವರು ತೀರಿಕೊಂಡರು, ಕೂಗಿದ ಹಿರಿಯರೂ ತೀರಿಕೊಂಡರು. ಸಿಟ್ಟು ಮಾತ್ರ ಗಟ್ಟಿಮುಟ್ಟಾಗಿ ಬದುಕಿದೆ. ನಾಗರ ಪಂಚಮಿ ಬಂದಾಗಲೆಲ್ಲ ಕರೆದು ಕರೆದು ನನ್ನ ಬಾಯಿ ಸೋತಿತು. ಈಗ ಕೇಳುವುದು ಬರಿಯ ಹಾಡಿನ ಮಾತು.

ನಮ್ಮ ಮದುವೆ ಮೇಳದ ಯಜಮಾನ ಯಲ್ಲಪ್ಪ ಹಾರ್ಮೋನಿಯಂ ಬಿಡಿಸಿ ಗಿಟಾರ್ ತಂದಿದ್ದಾನೆ. "ಈಗ ಮಂದಿ ಇದನ್ನ ಕೇಳ್ತಾರ" ಅನ್ನುತ್ತಾನೆ. ನುಡಿಸುವವನು ಸವಣೂರಿನ ಪೀರಸಾಬ, ಹುಬ್ಬಳ್ಳಿಯ ರೈಲ್ವೆ ಮಂದಿಯ ಹತ್ತಿರ ಕಲಿತವನು. ಅವನು ಒಂದೊಂದೇ ಸ್ವರ ಮೀಟುವುದಿಲ್ಲ. ಎಡಗೈಯಿಂದ ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತಿ ಹಿಡಿದು ಬಲಗೈಯಿಂದ ಸರ್ರನೆ ಎಳೆಯುತ್ತಾನೆ. ಅದಕ್ಕೆ ಕಾರ್ಡ್ ಎಂದು ಹೆಸರು. ಶ್ರಾವಣದಲ್ಲಿ ಹಾನಗಲ್ಲಿನ ಒಂದು ಮದುವೆ ಇದೆ. ಅಷ್ಟರೊಳಗೆ ಪಿಟೀಲು ಗಿಟಾರ್ ಹೊಂದದಿದ್ದರೆ ಎರಡರಲ್ಲಿ ಒಂದನ್ನು ಬಿಡುತ್ತೇನೆ ಎಂದಿದ್ದಾನೆ ಯಲ್ಲಪ್ಪ. ಯಾವುದನ್ನು ಎಂದು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ.

ಹೊಂದಬೇಕಾದದ್ದು ನಮ್ಮ ಅವ್ವನ ಬೀಸುವ ಪದ. ಮದುವೆಯಲ್ಲಿ ಹೆಣ್ಣು ಒಪ್ಪಿಸಿಕೊಡುವಾಗ ನಾನು ಪಿಟೀಲಿನಲ್ಲಿ ನುಡಿಸುವುದು ಅದನ್ನೇ. ಒಂದು ಎರಡು ಮೂರು, ಒಂದು ಎರಡು ಮೂರು ಎಂದು ಕಲ್ಲು ತಿರುಗಿದ ಹಾಗೆ ನಡೆಯುವ ಹಾಡು. ನೀನು ಗಂಡನ ಮನೆಗೆ ಹೋದ ಮೇಲೆ, ಅವ್ವ ಒಬ್ಬಳೇ ಬೀಸುವಾಗ ಪಕ್ಕದಲ್ಲಿ ಕುಳಿತು ಕಲಿತದ್ದು. ಎರಡು ಸಾಲು ಹಾಡಿ ಅವಳು ಸುಮ್ಮನಾಗುತ್ತಿದ್ದಳು, ಕಲ್ಲು ಮಾತ್ರ ತಿರುಗುತ್ತಿತ್ತು. ಕಲ್ಲಿನ ಬಾಯಿಗೆ ಜೋಳ ಹಾಕಲಿಕ್ಕೆ ಆ ತೆರಪು ಎಂದುಕೊಂಡು ನಾನೂ ಅಲ್ಲಿ ಕಮಾನು ಎತ್ತಿಬಿಡುತ್ತೇನೆ. ಹೆತ್ತವರು ಅಳುವುದು ಅಲ್ಲೇ. 'ದ್ಯಾಮಪ್ಪನ ತೆರಪು' ಎಂದು ನಾಲ್ಕೂ ತಾಲೂಕಿನಲ್ಲಿ ಹೆಸರಾಗಿದೆ, ನನಗೂ ಅದರ ಸೊಕ್ಕು ಸ್ವಲ್ಪ ಇದೆ.

ನಿನ್ನೆ ಪೀರಸಾಬ ಮನೆಗೆ ಬಂದಿದ್ದ. ಮೊದಲು ಗಾಂಧಾರದ ಜಗಳ. "ಗಾಂಧಾರ ಏರಿಸಿದ್ರ ನಗೂ ಕಾರ್ಡ್, ಇಳಿಸಿದ್ರ ಅಳೂ ಕಾರ್ಡ್. ನಿಮ್ಮ ಪದ ನಗೂದೋ ಅಳೂದೋ, ಹೇಳ್ರಿ ದ್ಯಾಮಣ್ಣ" ಎಂದ. ಅವ್ವನ ಗಾಂಧಾರ ಎರಡರ ನಡುವೆ ಎಲ್ಲೋ ಇದೆ, ಗಿಟಾರಿನಲ್ಲಿ ಅದಕ್ಕೆ ಜಾಗವೇ ಇಲ್ಲ. "ನಗೂದೂ ಅಲ್ಲ, ಅಳೂದೂ ಅಲ್ಲೋ ಮಾರಾಯ. ಹಿಟ್ಟು ಆಗೂದು" ಎಂದೆ. ಪಾಪ, ಎರಡನ್ನೂ ಹಿಡಿದು ನೋಡಿದ. ನಗುವುದನ್ನು ಹಾಕಿದರೆ ಹಾಡು ಮೆರವಣಿಗೆ ಹೊರಟಿತು, ಅಳುವುದನ್ನು ಹಾಕಿದರೆ ಹೆಣದ ಮುಂದೆ ಕುಳಿತಿತು. ಕಡೆಗೆ ಗಾಂಧಾರವನ್ನೇ ಬಿಟ್ಟು ಷಡ್ಜ ಪಂಚಮ ಮಾತ್ರ ಹಿಡಿ ಎಂದೆ. ಹಿಡಿದ. ಹೊಂದಿತು, ಅಕ್ಕ! ಎಷ್ಟೋ ದಿನಗಳ ಮೇಲೆ ಸ್ವಲ್ಪ ಹೊತ್ತು ನನ್ನ ದಣಿವು ಮರೆತೆ.

ಆದರೆ ತೆರಪು ಬಂದಾಗ ಅವನ ಕೈ ಸುಮ್ಮನಿರಲಿಲ್ಲ, ಅಲ್ಲೂ ಒಂದು ಎಳೆದ. ಅವ್ವ ಹೊರಸಿನಿಂದಲೇ ಕೈ ಎತ್ತಿ, "ಅಲ್ಲಿ ಬ್ಯಾಡೋ ತಮ್ಮಾ" ಎಂದಳು. ಬೇರೆಯದು ಹಾಕಿದ. "ಅದೂ ಬ್ಯಾಡ." ಪೀರಸಾಬ ಬೆವರು ಒರೆಸಿಕೊಂಡು, "ಹಂಗಾದ್ರ ಅಲ್ಲಿ ಯಾವ ಕಾರ್ಡ್ ಹಾಕೂಣ, ನೀವ ಹೇಳ್ರಿ ಯವ್ವಾ" ಎಂದು ಕೇಳಿದ.

"ಅಬಲೂರಿಗೆ ಹಾಕ್ರಿ. ನಮ್ಮ ಚೌಡಿಗೆ" ಎಂದಳು ಅವ್ವ.

ಅಂಚೆಯ ಕಾರ್ಡ್ ಎಂದು ತಿಳಿದುಕೊಂಡಿದ್ದಾಳೆ! ಮಾದೇವಿ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ನಕ್ಕೆ. ಅವ್ವ ನಗಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಅವಳ ಎದುರು ಕುಳಿತು ಅದೇ ಕಲ್ಲು ಬೀಸಿದವಳು ನೀನು. ಆ ತೆರಪಿನಲ್ಲಿ ಏನಾದರೂ ಇತ್ತೇ? ನೆನಪಿದ್ದರೆ ಒಂದು ಕಾರ್ಡಿನಲ್ಲಿ ಬರೆದು ಹಾಕು, ಸಾಕು.

ನಿನ್ನ ಯಜಮಾನರು ಫಕ್ಕೀರಪ್ಪ ಮಾಮಾ ಅವರಿಗೂ ನಿನ್ನ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಮಕ್ಕಳಿಗೆ ಸೋದರಮಾವನ ಆಶೀರ್ವಾದ. ನನ್ನ ಮುಖ ಅವರು ಕಂಡಿಲ್ಲದಿದ್ದರೂ ಆಶೀರ್ವಾದ ಮುಟ್ಟಲಿ.

ನಿನ್ನ ತಮ್ಮ
ದ್ಯಾಮಪ್ಪ

ತಾ.ಕ.: ಪಾಕೀಟು ಇನ್ನೂ ಅಂಟಿಸಿರಲಿಲ್ಲ. ಇಂದು ಮಧ್ಯಾಹ್ನ ಅವ್ವನಿಗೆ, ಗಿಟಾರಿನ ಕಾರ್ಡ್ ಬೇರೆ, ಅಂಚೆಯ ಕಾರ್ಡ್ ಬೇರೆ ಎಂದು ತಿಳಿಸಿ ಹೇಳಲು ಹೋದೆ. "ನನಗ ತಿಳೀತದ, ನಿನಗ ತಿಳೀವಲ್ದು" ಎಂದಳು. "ಅದು ತೆರಪಲ್ಲೋ, ಚೌಡಿ ಸೊಲ್ಲು. ಎರಡು ಸೊಲ್ಲು ನಾ ಅಂದಮ್ಯಾಗ ಮುಂದಿಂದು ಆಕಿ ಅಂತಿದ್ಲು. ಆಕಿ ಹ್ವಾದ ಮ್ಯಾಗ ಆಕಿ ಜಾಗಾ ನಾ ತುಂಬಲಿಲ್ಲ. ಬರ್ತಾಳಂತ ಬಿಟ್ಟೇನಿ." ಆ ಸೊಲ್ಲಿನ ಮಾತೇನು ಎಂದು ಕೇಳಿದೆ. "ಆಕೀದು ನಾ ಯಾಕ ಅನ್ಲಿ?" ಎಂದು ಗೋಡೆಯ ಕಡೆ ಹೊರಳಿದಳು.

ಇಷ್ಟು ವರ್ಷ ಊರೂರಲ್ಲಿ ನುಡಿಸಿ ನಾನು ಹೊಗಳಿಸಿಕೊಂಡದ್ದು ನೀನು ಇಲ್ಲದಿರುವುದನ್ನು, ಅಕ್ಕ. ಮಲಗಿದಲ್ಲೇ ಅವ್ವ ಆ ಪದ ಹಾಡುತ್ತಾಳೆ, ಅಲ್ಲಿಗೆ ಬಂದು ನಿಲ್ಲಿಸಿ ಬಾಗಿಲು ನೋಡುತ್ತಾಳೆ. ಜೋಳ ಹಾಕುವ ಕೆಲಸ ಈಗ ಇಲ್ಲವಲ್ಲ, ಮರೆತಳೆಂದು ತೆರಪಿನ ಮುಂದಿನ ಸಾಲನ್ನು ನಾನೇ ಎತ್ತಿಕೊಡುತ್ತಿದ್ದೆ. ಇನ್ನು ಕೊಡುವುದಿಲ್ಲ. ಈ ಮಳೆಗಾಲ ದಾಟಿದರೆ ಹೆಚ್ಚು ಎಂದಿದ್ದಾರೆ ಡಾಕ್ಟರು. ಮೇಲೆ ಅದನ್ನು ಬರೆಯಲು ನನಗೆ ಕೈ ಬರಲಿಲ್ಲ. ಪಂಚಮಿಗೆ ಬಾ. ಯಾರು ಏನೇ ಅನ್ನಲಿ, ಬಾ. ಆ ಸೊಲ್ಲನ್ನು ಮಾತ್ರ ಕಾರ್ಡಿನಲ್ಲಿ ಬರೆದು ಹಾಕಬೇಡ.