ಧೂಳಿನ ಮೇಲೆ ಹಚ್ಚಿದ ಗಾಜು

ಕ್ಯಾಂಪ್, ಬೆಳಗಾವಿ

ಸರ್ವಿಸ್ ಸೆಂಟರ್ ವ್ಯವಸ್ಥಾಪಕರಿಗೆ,

ಜೂನ್ ಹನ್ನೊಂದರಂದು ನೀವು ಬದಲಿಸಿಕೊಟ್ಟ ನಮ್ಮ ಕಾರಿನ ಚಾವಣಿ ಗಾಜು ಹನ್ನೆರಡೇ ದಿನಕ್ಕೆ ಖಾನಾಪುರ ರಸ್ತೆಯಲ್ಲಿ ಹಾರಿಹೋಯಿತು. ಹಿಂದೆ ಬೈಕಿನಲ್ಲಿದ್ದ ನಂದಗಡದ ದಂಪತಿ ಸ್ವಲ್ಪದರಲ್ಲಿ ಪಾರಾದರು. ದೂರು ಹೇಳಿದರೆ, "ಅಷ್ಟ್ ಶಾಣ್ಯಾ ಇದ್ದರ ನೀವೇ ಹಚ್ಚಕೋರಿ, ಸರ್" ಎಂದು ನಕ್ಕಿರಿ. 2019ರಲ್ಲಿ ಬ್ರೇಕಿನ ದೂರಿಗೂ ಇದೇ ನಗು ನಕ್ಕಿದ್ದಿರಿ. ನಾನು ಮರೆತಿಲ್ಲ.

ಈ ಸಲ ನಾನೇ ಹಚ್ಚಿಕೊಂಡೆ. ಉದ್ಯಮಬಾಗದ ಫೌಂಡ್ರಿಯಲ್ಲಿ ದುಡಿಯುವ ಗೆಳೆಯ ಭರಮಪ್ಪ ಚೌಕಟ್ಟು ಕೆರೆಯುತ್ತ, "ಏ ಅವಧೂತ, ಹಳೇ ಅಂಟು ತಗದೇ ಇಲ್ಲೋ, ಧೂಳಿನ ಮ್ಯಾಲ ಹೊಸಾದು ಬಳದಾರ! ಒಲಿ ಸಾರ್ಸೂ ಮುಂದ ನಮ್ಮವ್ವನೂ ಮೊದಲ ಬೂದಿ ತಗೀತಿದ್ಲು" ಎಂದ. ಕೆರೆದು, ಒರೆಸಿ, ಗಾಜು ಕೂರಿಸಲು ನಮಗೆ ಇಡೀ ಭಾನುವಾರ ಹಿಡಿಯಿತು. ನೀವು ಒಂದು ಗಂಟೆಯಲ್ಲಿ ಮುಗಿಸಿದ್ದಿರಿ.

ಹೀಗೆ ಗಾಜು ಹಚ್ಚಿಸಿಕೊಂಡ ಇನ್ನೆಷ್ಟು ಕಾರುಗಳು ಓಡಾಡುತ್ತಿವೆ? ಅವುಗಳ ನಂಬರುಗಳನ್ನು ಈ ವಾರದೊಳಗೆ, ಎಲ್ಲರೂ ಓದುವಂತೆ, ನಿಮ್ಮ ಬಾಗಿಲಲ್ಲಿ ಬರೆದು ಹಾಕಿ.

ಅವಧೂತ ದೇಸಾಯಿ