ಮಗ್ಗದ ಮುಂದೆ ಓದುವ ಪುಸ್ತಕಗಳು

ಚಳ್ಳಕೆರೆ
12 ಫೆಬ್ರುವರಿ 2025, ಬುಧವಾರ

ನನ್ನ ಕಂದ ಶಶಿರೇಖಾ,

ನಿನ್ನ ತಲೆ ಸವರಿ ಅವ್ವ ಬರೆಯುತ್ತಿದ್ದೇನೆ. ಫೋನ್ ಇರುವಾಗ ಕಾಗದವೇಕೆ ಎಂದು ನಗಬೇಡ. ನೀನು ಫೋನ್ ಎತ್ತಿದರೆ ಸ್ಪೀಕರ್ ಹಾಕುತ್ತೀಯ. ನಮ್ಮ ಮನೆಯೋ ಒಂದೇ ಕೋಣೆ, ಮಗ್ಗದ ಗುಂಡಿಯಲ್ಲಿ ಕುಳಿತ ನಿಮ್ಮಪ್ಪನಿಗೆ ನನ್ನ ಉಸಿರು ಕೂಡ ಕೇಳಿಸುತ್ತದೆ. ಇದರಲ್ಲಿರುವುದು ಅವರು ಕೇಳುವಂಥದ್ದಲ್ಲ. ನಾಳೆ ದೊಡ್ಡಪ್ಪ ಮೊಳಕಾಲ್ಮೂರಿಗೆ ಬರುತ್ತಿದ್ದಾರೆ, ಕಾಲೇಜಿನ ಗೇಟಿನ ಹತ್ತಿರ ನಿನ್ನ ಕೈಗೇ ಕೊಡುತ್ತಾರೆ. ಅಲ್ಲೇ ಎಲ್ಲಾದರೂ ನೆರಳಿನಲ್ಲಿ ಕುಳಿತು ಓದಿಕೋ.

ನಿನ್ನ ಮೊದಲ ಮೆಸೇಜು ಭಾನುವಾರವೇ ಬಂತು. ‘ಅವ್ವಾ, ನೀನಿಲ್ದೆ ಮನೆ ಬಿಕೋ ಅಂತೈತೆ. ಲೈಬ್ರರಿಯಿಂದ ನಾಕು ಕಾದಂಬರಿ ತಂದು ಅಪ್ಪಗೆ ಓದಾಕೆ ಸುರು ಮಾಡೀನಿ. ಒಂದೂ ಹಿಡಿಸ್ತಿಲ್ಲ. ಯಾವ್ದು ಓದ್ಲಿ ಹೇಳು’ ಎಂದು ಬರೆದಿದ್ದೆ. ಮೂರು ದಿನ ಉತ್ತರ ಕೊಡಲಿಲ್ಲ. ಕೋಪಕ್ಕಲ್ಲ ಕಣೇ, ಏನು ಹೇಳಬೇಕೋ ತೋಚಲಿಲ್ಲ. ಈಗಲೂ ತೋಚಿಲ್ಲ. ಮೊದಲು ನೀನು ಕೇಳಿದ್ದನ್ನು ಹೇಳಿಬಿಡುತ್ತೇನೆ, ಅಷ್ಟರಲ್ಲಿ ಉಳಿದದ್ದಕ್ಕೆ ಧೈರ್ಯ ಬರುತ್ತದೋ ನೋಡೋಣ.

ಪುಸ್ತಕದ ನಿಜವಾದ ಹೆಸರು ನನ್ನನ್ನು ಕೇಳಬೇಡ. ಲೈಬ್ರರಿಯಲ್ಲಿ ಗಟ್ಟಿ ರಟ್ಟು ಹಾಕಿಸಿ ಹೆಸರೇ ಮುಚ್ಚಿಹಾಕಿರುತ್ತಾರೆ. ನಾನೂ ನಿಮ್ಮಪ್ಪನೂ ನಮ್ಮದೇ ಹೆಸರಿಟ್ಟುಕೊಂಡಿದ್ದೆವು, ಲೈಬ್ರರಿಯ ಶಿವಣ್ಣನಿಗೂ ಅವು ಬಾಯಿಪಾಠ. ನೀನು ಮಾಡಿದ ತಪ್ಪು ಏನೆಂದರೆ, ಯಾವ ಪುಸ್ತಕ ಚೆನ್ನಾಗಿದೆ ಎಂದು ನೋಡಿ ತಂದಿದ್ದೀಯ. ಮಗ್ಗದ ಮುಂದೆ ಓದುವವಳು ಮೊದಲು ಸೀರೆ ಎಲ್ಲಿಗೆ ಬಂದಿದೆ ಎಂದು ನೋಡಬೇಕು.

ಸೀರೆಯ ಒಡಲು ನೇಯುವಾಗ ದಿನಗಟ್ಟಲೆ ಲಾಳಿ ಅತ್ತಿಂದಿತ್ತ ಓಡುವುದೇ ಕೆಲಸ. ಅದಕ್ಕೆ ದಪ್ಪನೆಯ ಸಂಸಾರದ ಕಾದಂಬರಿ ಆಗಬೇಕು. ‘ಮೂರು ಸೊಸೆಯರ ಪುಸ್ತಕ’ ತಾ. ಆರುನೂರು ಪುಟ. ಹಿರಿಸೊಸೆ ಮೊದಲ ಪುಟದಲ್ಲಿ ಸೊಂಟಕ್ಕೆ ಸಿಕ್ಕಿಸಿದ ಬೀಗದಕೈಯನ್ನು ಕೊನೆಯ ತನಕ ತೆಗೆಯುವುದಿಲ್ಲ, ಪುಣ್ಯಾತ್ಗಿತ್ತಿ. ನಡುನಡುವೆ ನಿಮ್ಮಪ್ಪ ಮಾತಾಡುತ್ತಾರೆ, ಆಡಲಿ ಬಿಡು. ಕಿರಿಸೊಸೆ ಮುನಿಸಿಕೊಂಡು ತವರಿಗೆ ಹೊರಟಾಗ ‘ಏ ತಡಿ, ಅವಳ್ನ ಬಸ್ ಹತ್ತಿಸ್ಬ್ಯಾಡ, ನೀರು ಕುಡ್ದು ಬರ್ತೀನಿ’ ಎಂದು ಎದ್ದು ಹೋಗಿದ್ದರು. ಅಷ್ಟು ಹೊತ್ತೂ ನಾನು ಆ ಹುಡುಗಿಯನ್ನು ಬಸ್ ಸ್ಟ್ಯಾಂಡಿನಲ್ಲೇ ನಿಲ್ಲಿಸಿಕೊಂಡು ಕುಳಿತಿದ್ದೆ.

ಮಧ್ಯಾಹ್ನ ಮುದ್ದೆ ಉಂಡ ಮೇಲೆ ಅವರಿಗೆ ತೂಕಡಿಕೆ ಬರುತ್ತದೆ. ಆಗ ಪತ್ತೇದಾರಿ ತೆಗೆ. ‘ಎಣ್ಣೆ ಮಿಲ್ಲಿನ ಹೆಣ’ ಎಂದರೆ ಶಿವಣ್ಣ ಕೊಡುತ್ತಾನೆ. ಕೊಲೆಗಾರನ ಹೆಸರು ಬರುವ ಪುಟವನ್ನು ಮಾತ್ರ ಅವರು ಅಂಚಿನ ಎಳೆ ಕೂಡಿಸುತ್ತಿರುವಾಗ ಓದಬೇಡ, ಕೈ ನಿಂತೇ ಹೋಗುತ್ತದೆ. ಪಾಳೇಗಾರರ ಕಾಲದ ಐತಿಹಾಸಿಕ ಕಾದಂಬರಿ ತಂದಿದ್ದರೆ ಇವತ್ತೇ ವಾಪಸು ಕೊಡು. ಕೋಟೆಗೆ ಮುತ್ತಿಗೆ ಬಿತ್ತೆಂದರೆ ನಿಮ್ಮಪ್ಪ ಕಾಲುಹಲಗೆಯನ್ನು ಶತ್ರುವಿನ ಎದೆ ತುಳಿದಂತೆ ತುಳಿಯುತ್ತಾರೆ, ರೇಷ್ಮೆ ಪಾಪ ಏನು ಮಾಡೀತು? ನಮ್ಮ ಮನೆಯಲ್ಲಿ ಕೋಟೆ ಬಿದ್ದ ದಿನ ಎಳೆ ಗಂಟು ಹಾಕುವುದರಲ್ಲೇ ಸಂಜೆಯಾಯಿತು.

ಸೆರಗಿಗೆ ಬಂದಾಗ ಎಣಿಕೆ ಇರುತ್ತದೆ. ಒಂದು ಜರಿ ಎಳೆ ಆಚೀಚೆಯಾದರೂ ಕೆಟ್ಟಿತು. ಆಗ ಗೊತ್ತಿಲ್ಲದ ಕಥೆ ಓದಲೇಬಾರದು, ಮುಂದೇನಾಯಿತು ಎಂದು ಮನಸ್ಸು ಓಡುತ್ತದೆ. ಪುರಾಣವನ್ನು ಹೊಸದಾಗಿ ಹೇಳುವ ಕಾದಂಬರಿಗಳಿವೆಯಲ್ಲ, ಅವೇ ಸರಿ. ಯಾರು ಗೆಲ್ಲುತ್ತಾರೆ, ಯಾರು ಸಾಯುತ್ತಾರೆ ಎಲ್ಲ ಮೊದಲೇ ಗೊತ್ತು, ಹೇಳುವ ಬಾಯಿ ಮಾತ್ರ ಬೇರೆ. ‘ಅಡುಗೆಯವಳು ಹೇಳಿದ ಯುದ್ಧ’ ಕೇಳಿ ತಾ. ಅರಮನೆಯ ಅಡುಗೆಯವಳು ದಿನದಿನಕ್ಕೆ ಊಟಕ್ಕೆ ಎಷ್ಟು ಎಲೆ ಕಡಿಮೆ ಹಾಕಿದೆ ಎಂದು ಹೇಳುತ್ತಾ ಹೋಗುತ್ತಾಳೆ, ಅಷ್ಟೇ ಯುದ್ಧ. ಮೊದಲ ಸಲ ನಿಮ್ಮಪ್ಪ ರೇಗಿದರು. ‘ಮೂಲದಾಗೆ ಇಂಥವಳು ಎಲ್ಲಿದ್ಲು? ಬರ್ದೋನು ಸುಳ್ಳು ಬರ್ದವ್ನೆ’ ಎಂದರು. ಮೂರನೆಯ ಸೀರೆಯ ಸೆರಗಿಗೆ ಬರುವ ಹೊತ್ತಿಗೆ ತಾವೇ ‘ಅಡಿಗೆಯಾಕಿನ ಕರಿ’ ಎನ್ನುತ್ತಿದ್ದರು. ಆ ಪುಸ್ತಕ ಓದುವಾಗ ಮೆಲ್ಲಗೆ ಓದು, ಒಂದೊಂದು ಸಾಲಿಗೂ ಉಸಿರು ತೆಗೆದುಕೋ.

ಬೇರೆ ಗ್ರಹಕ್ಕೆ ಹೋದವರ ಕಥೆಯೊಂದಿದೆ, ತೆಳ್ಳಗಿನದು. ‘ಚಳ್ಳಕೆರೆ ಕಡೆ ವರವು ಕಾವಲ್‌ನಾಗೆ ದಿನಾ ಇಮಾನ ಗಿಮಾನ ಹಾರಿಸ್ತಾನೇ ಇರ್ತಾರೆ, ಇದ್ರಾಗೇನೈತೆ ಕಥೆ’ ಎಂದು ಗೊಣಗಿಕೊಂಡೇ ಕೇಳುತ್ತಿದ್ದರು. ಆ ಗ್ರಹದಲ್ಲಿ ಬಣ್ಣಗಳೇ ಕಾಣುವುದಿಲ್ಲ ಎಂಬ ಮಾತು ಬಂದಾಗ ಲಾಳಿ ಬಿಟ್ಟು ಕುಳಿತರು. ಇನ್ನೊಮ್ಮೆ ಓದು ಎಂದರು. ಓದಿದೆ. ಆಮೇಲೆ ಆ ದಿನ ಮಗ್ಗ ನಡೆಯಲಿಲ್ಲ. ಅದನ್ನು ಮಾತ್ರ ತರಬೇಡ.

ಇಷ್ಟು ಬರೆದು ಪೆನ್ನು ಇಟ್ಟು ಟೀ ಕುಡಿದು ಬಂದೆ. ಇನ್ನು ಹೇಳಲೇಬೇಕು.

ದುರುಗಕ್ಕನ ಮಂಡಿನೋವಿಗೆ ಆಸರೆಯಾಗಲು ಹೋಗುತ್ತೇನೆ ಎಂದು ನಿನಗೆ ಹೇಳಿ ಬಂದೆನಲ್ಲ, ಅದು ಸುಳ್ಳು. ನಿಮ್ಮ ದೊಡ್ಡಮ್ಮನ ಮಂಡಿ ನನ್ನದಕ್ಕಿಂತ ಗಟ್ಟಿಯಾಗಿದೆ. ಬೆಳಗ್ಗೆ ಎದ್ದು ಮೂರು ಬೀದಿ ಸುತ್ತಿ ಬರುತ್ತಾಳೆ.

ಡಿಸೆಂಬರಿನಲ್ಲಿ ಗಿಳಿ ಅಂಚಿನ ಸೀರೆ ಮುಗಿಸಿ ಸಾಹುಕಾರ ಸೋಮಶೇಖರಪ್ಪನವರ ಅಂಗಡಿಗೆ ಒಪ್ಪಿಸಲು ನಾವಿಬ್ಬರೂ ಹೋಗಿದ್ದೆವು. ಕೈಯಿಂದಲೇ ಒಂದೊಂದು ಎಳೆ ಕೂರಿಸಿ ತೆಗೆಯುವ ಗಿಳಿ ಅವು, ಜಾಣತನದ ಕೆಲಸ, ಮೊಳಕಾಲ್ಮೂರಿನಲ್ಲಿ ನಿಮ್ಮಪ್ಪನನ್ನು ಬಿಟ್ಟರೆ ಇನ್ನಿಬ್ಬರಿಗೆ ಬರುತ್ತದೆ ಅಷ್ಟೇ. ಸಾಹುಕಾರರು ಗಿರಾಕಿಗಳ ಎದುರೇ ಸೀರೆ ಬಿಚ್ಚಿ ಹಾಸಿದರು. ಮೂರು ಗಿಳಿಗಳಿಗೆ ಕೊಕ್ಕೇ ಇರಲಿಲ್ಲ. ‘ಏನ್ಲೇ ವೀರೇಶ, ಇವುಕ್ಕೆ ಮೂತಿ ಎಲ್ಲೋಯ್ತು?’ ಎಂದು ಕೇಳಿದರು. ನಿಮ್ಮಪ್ಪ, ‘ಇವಳು ಕಥೆ ಓದ್ತಾ ಓದ್ತಾ ಅತ್ತುಬಿಟ್ಲು ಸಾವ್ಕಾರ್ರೇ, ನನ್ ಕೈ ತಪ್ತು’ ಎಂದರು. ಎಲ್ಲರೂ ನಕ್ಕರು. ನಾನು ಹೂಂ, ನನ್ನದೇ ತಪ್ಪು ಎಂದೆ. ಮನೆಗೆ ಬಂದ ಮೇಲೂ ಅವರ ಸಿಟ್ಟು ಇಳಿಯಲಿಲ್ಲ. ಸಿಟ್ಟು ಬಂದರೆ ಅವರಿಗೆ ತೆಲುಗು ಬರುತ್ತದೆ, ನಿನಗೆ ಗೊತ್ತಲ್ಲ. ‘ಇಂಕ ಚಾಲು, ಸಾಕಿನ್ನು, ಇನ್ಮ್ಯಾಲೆ ಓದು ಗೀದು ಬ್ಯಾಡ’ ಎಂದರು. ವಾರದಲ್ಲೇ ಮತ್ತೆ ಓದು ಎಂದವರೂ ಅವರೇ.

ಅದು ಹಾಗೆ ಕೆಟ್ಟ ಮೂರನೆಯ ಸೀರೆ ಶಶಿ. ಹಿಂದಿನ ಎರಡರಲ್ಲೂ ನಾನೇ ತಪ್ಪು ಒಪ್ಪಿಕೊಂಡಿದ್ದೆ. ಆ ರಾತ್ರಿ ಕುಳಿತು ನೆನೆಸಿಕೊಂಡೆ. ಸೊಸೆಯರ ಕಥೆ ಓದಿದಾಗ ತಪ್ಪಿದ್ದು ಎಡಗಡೆಯ ಅಂಚು. ಎಣ್ಣೆ ಮಿಲ್ಲಿನಲ್ಲಿ ಹೆಣ ಸಿಕ್ಕಾಗ ತಪ್ಪಿದ್ದೂ ಎಡಗಡೆ. ಗಿಳಿಗಳೂ ಎಡಗಡೆಯವೇ. ಕಥೆಯಿಂದ ಕೈ ತಪ್ಪುವುದಾದರೆ ಒಮ್ಮೆಯಾದರೂ ಬಲಗಡೆ ತಪ್ಪಬೇಡವೇ? ಬಾಗಿಲು ದಾಟುವಾಗ ಅವರ ಎಡಭುಜ ಚೌಕಟ್ಟಿಗೆ ಬಡಿಯುವುದನ್ನು ನೀನೂ ನೋಡಿದ್ದೀಯ. ಎಡಗಡೆ ಲೋಟ ಇಟ್ಟರೆ ಒದೆಯುತ್ತಾರೆ. ಬಲ್ಬು ಎರಡು ಸಲ ಬದಲಾಯಿಸಿದರು, ಅಂಗಡಿಯವನು ಕಳಪೆ ಮಾಲು ಕೊಟ್ಟ ಎಂದು ಬೈದರು.

ಒಂದು ಸಲ ನಾನು ಕಣ್ಣು ಎಂಬ ಮಾತು ಬಾಯಿಗೆ ತಂದೆ. ಎರಡು ದಿನ ಅವರು ಮಗ್ಗಕ್ಕೂ ಇಳಿಯಲಿಲ್ಲ, ಊಟಕ್ಕೂ ಕೂರಲಿಲ್ಲ. ನಿಮ್ಮ ತಾತನನ್ನು ನೀನು ನೋಡಿಲ್ಲ. ಕೊನೆಯ ಹನ್ನೆರಡು ವರ್ಷ ಕಣ್ಣು ಕಾಣದೆ ಜಗಲಿಯ ಮೇಲೆ ಕುಳಿತು ಕೈಯಿಂದ ತಡವಿ ತಡವಿ ನೂಲು ಸುತ್ತಿಕೊಡುತ್ತಿದ್ದರು. ಬಂದವರೆಲ್ಲ ಬೇಕೆಂದೇ ‘ಇದು ಯಾವ ಬಣ್ಣ ಹೇಳಜ್ಜ’ ಎಂದು ಕೇಳುವರು. ನಿಮ್ಮಪ್ಪ ಅದನ್ನು ಕೇಳಿಕೊಂಡೇ ಬೆಳೆದವರು.

ಇಲ್ಲಿಗೆ ಬಂದ ಮಾರನೆಯ ದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ‘ಕಣ್ಣು ಊರಲ್ಲಿ ಬಿಟ್ಟು ತೋರಿಸೋಕೆ ಬಂದಿದ್ದೀರಲ್ಲಮ್ಮ’ ಎಂದು ಆಕೆ ನಕ್ಕರು. ಆಮೇಲೆ ನಗಲಿಲ್ಲ. ನೋಡದೆ ಖಚಿತ ಹೇಳಲಾರೆ, ಆದರೆ ಪಕ್ಕದಿಂದ ನೋಟ ಸವೆಯುತ್ತಾ ಬರುವ ಕಾಯಿಲೆ ಇರಬಹುದು ಎಂದರು. ಹಾಗಿದ್ದರೆ ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಬಹುದು, ತಡ ಮಾಡಿದಷ್ಟೂ ಕಳೆದುಕೊಳ್ಳುತ್ತೀರಿ ಎಂದರು. ಅವತ್ತಿನಿಂದ ನನಗೆ ಕೂತರೂ ನಿಂತರೂ ಅದೇ ಮಾತು.

ನಾನು ಮನೆ ಬಿಟ್ಟು ಬಂದದ್ದು ಸಿಟ್ಟಿಗಲ್ಲ. ಓದುವವಳೇ ಇಲ್ಲದಿದ್ದರೆ ತಪ್ಪನ್ನು ಯಾರ ತಲೆಗೆ ಕಟ್ಟುತ್ತಾರೆ ನೋಡೋಣ ಎಂದು ಬಂದೆ. ಮನೆ ಮೌನವಾಗಿರುತ್ತದೆ, ಎಡಗಡೆ ಅಂಚು ಮತ್ತೆ ತಪ್ಪುತ್ತದೆ, ಆಗ ಅವರಿಗೇ ಗೊತ್ತಾಗುತ್ತದೆ, ತಾವೇ ಬಸ್ ಹತ್ತಿ ಬರುತ್ತಾರೆ ಎಂದುಕೊಂಡಿದ್ದೆ. ಎಂಥ ದೊಡ್ಡ ಉಪಾಯ! ದುರುಗಕ್ಕನಿಗೆ ಹೇಳಿದೆ, ಅವಳು ನನ್ನನ್ನೊಮ್ಮೆ ನೋಡಿ ಮತ್ತೆ ಅಕ್ಕಿ ಆರಿಸತೊಡಗಿದಳು.

ಅಷ್ಟರಲ್ಲಿ ನೀನು ಒಳ್ಳೆಯ ಮಗಳಾಗಿಬಿಟ್ಟೆ. ಹುಟ್ಟಿದಾಗಿನಿಂದ ಪಠ್ಯ ಬಿಟ್ಟು ಒಂದು ಪುಸ್ತಕ ಮುಟ್ಟದವಳು, ಈಗಲೇ ಓದಬೇಕಿತ್ತೇ ನಿನಗೆ? ನಿನ್ನೆ ಬಂದ ಎರಡನೆಯ ಮೆಸೇಜನ್ನು ನಾಲ್ಕು ಸಲ ಓದಿದೆ. ‘ಎಡಗಡೆ ಅಂಚು ಕೆಟ್ಟೈತೆ ಅವ್ವಾ, “ನಿನ್ ಓದು ಲಾರಿ ಓಡ್ದಂಗೈತೆ, ಅದಕ್ಕೇ ಕೈ ತಪ್ತು” ಅಂತ ಅಪ್ಪ ನಂಗೆ ಬೈದ್ರು. ನಾನು ಸರಿಯಾಗಿ ಓದಾಕೆ ಕಲಿಬೇಕು’ ಎಂದು ಬರೆದಿದ್ದೀಯ. ನೀನು ಸರಿಯಾಗೇ ಓದುತ್ತೀಯ ಮಗಳೇ. ಈಗ ನನ್ನ ಜಾಗದಲ್ಲಿ ನೀನು ಕುಳಿತಿದ್ದೀಯ, ಅಷ್ಟೇ.

ಓದು ಎನ್ನಲೇ, ಬೇಡ ಎನ್ನಲೇ? ಓದಿದರೆ ಅವರಿಗೆ ನೆಪ ಸಿಗುತ್ತದೆ, ಸುಖವಾಗಿ ಕಥೆ ಕೇಳುತ್ತಾ ಕಣ್ಣು ಕಳೆದುಕೊಳ್ಳುತ್ತಾರೆ. ಓದದಿದ್ದರೆ ಆ ಗುಂಡಿಯಲ್ಲಿ ಕುಳಿತು ಅವರಿಗೆ ಲಾಳಿಯ ಸದ್ದು ಬಿಟ್ಟರೆ ಬೇರೆ ಏನಿದೆ? ಮೇಲೆ ಬರೆದ ಪುಸ್ತಕಗಳ ಹಾಳೆಯನ್ನು ಹರಿದುಹಾಕಬೇಕೆಂದು ಎರಡು ಸಲ ಹಿಡಿದೆ, ಕೈ ಬರಲಿಲ್ಲ. ಸಂತೆಯಲ್ಲಿ ಮಗು ಕಳೆದುಕೊಂಡವಳ ಹಾಗೆ ಆಗಿದೆ ನನಗೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದ ಗಂಡನಿಗೆ ಬಾ, ಡಾಕ್ಟರಿಗೆ ತೋರಿಸೋಣ ಎಂಬ ಒಂದು ಮಾತು ಹೇಳಲಾರದೆ ಮಗಳಿಗೆ ಕಾಗದ ಬರೆಯುತ್ತಿದ್ದೇನೆ. ಡಾಕ್ಟರು ಶನಿವಾರ ಮಧ್ಯಾಹ್ನದ ತನಕ ಇರುತ್ತಾರಂತೆ. ನಿನ್ನ ಮಾತು ಅವರು ಕೇಳುತ್ತಾರೇನೋ, ಹೇಗಾದರೂ ಮಾಡಿ ಕರೆದುಕೊಂಡು ಬಾ. ಹೇಗೆ ಎಂದು ಮಾತ್ರ ಕೇಳಬೇಡ, ನನಗೆ ಗೊತ್ತಿದ್ದರೆ ನಾನೇ ಮಾಡುತ್ತಿದ್ದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಅಪ್ಪನಿಗೆ ಬಲಗಡೆಯೇ ನೀರಿಡು.

ನಿನ್ನ ದಾರಿ ನೋಡುತ್ತಿರುವ ಅವ್ವ,
ರೇಣುಕಮ್ಮ

ಮತ್ತೆ ಬರೆದದ್ದು: ಇದನ್ನು ಮರೆತಿರಲಿಲ್ಲ, ಬೇಕೆಂದೇ ಬಿಟ್ಟಿದ್ದೆ. ಕಾಗದ ಮಡಿಸಿದ ಮೇಲೆ ಬಿಡಲಾಗಲಿಲ್ಲ. ಆ ಗಿಳಿಗಳನ್ನು ನೇಯ್ದ ವಾರ ನೀನು ಜಟಿಂಗ ರಾಮೇಶ್ವರದ ಕಡೆ ಕಾಲೇಜಿನ ಕ್ಯಾಂಪಿಗೆ ಹೋಗಿದ್ದೆ, ನಿನಗೆ ಗೊತ್ತಿಲ್ಲ. ನನಗೆ ಗಂಟಲು ಕಟ್ಟಿ ಎಂಟು ದಿನ ಮಾತೇ ಹೊರಡುತ್ತಿರಲಿಲ್ಲ. ಒಂದು ಸಾಲೂ ಓದಿರಲಿಲ್ಲ. ಬಿಸಿನೀರು ಕಾಯಿಸಿ ಕೊಟ್ಟವರು ನಿಮ್ಮಪ್ಪನೇ. ಅಂಗಡಿಯಲ್ಲಿ ಅವರು ಹಾಗೆ ಹೇಳಿದಾಗ, ಪಾಪ ಮರೆತು ಹೇಳುತ್ತಿದ್ದಾರೆ ಎಂದುಕೊಂಡೆ. ಮರೆತವರು ಹೆಂಡತಿಯ ಮುಖವನ್ನು ಹಾಗೆ ನೋಡುವುದಿಲ್ಲ ಶಶಿ. ನಾನು ಹೂಂ ಎನ್ನುವ ತನಕ ಅವರು ನನ್ನ ಮೇಲಿಂದ ಕಣ್ಣು ತೆಗೆದಿರಲಿಲ್ಲ. ಕಣ್ಣು ಹೋಗುತ್ತಿರುವುದು ಅವರಿಗೆ ಮೊದಲಿನಿಂದಲೂ ಗೊತ್ತಿದೆ. ಗೊತ್ತಾಗಲಿ ಎಂದು ನಾನು ಅವರನ್ನು ಮಗ್ಗದಲ್ಲಿ ಒಬ್ಬರನ್ನೇ ಬಿಟ್ಟು ಬಂದು ಇವತ್ತಿಗೆ ಇಪ್ಪತ್ತನಾಲ್ಕು ದಿನ.